ತಾತ ಲಾಡ್ಜ್ ಮೆಂಬರ್ ಆಗಿದ್ದರೆ ಮೊದಲು ಕಾಗದ ಹುಡುಕಿ

ಲಾಡ್ಜ್ ಅಂದರೆ ನಮಗೆಲ್ಲ ನೆನಪಾಗುವುದು ಬಸ್ ಸ್ಟ್ಯಾಂಡ್ ಎದುರಿನ ರೂಮು. ಹಾಗಾಗಿ ‘ನಮ್ಮ ತಾತ ಲಾಡ್ಜ್ ಮೆಂಬರ್ ಆಗಿದ್ದರಂತೆ’ ಎಂದು ಯಾರಾದರೂ ಹೇಳಿದರೆ ಊರಲ್ಲಿ ಮೊದಲು ನಗು ಬರುತ್ತದೆ. ಅದು ಫ್ರೀಮೇಸನ್ನರ ಲಾಡ್ಜ್ ಎಂದು ಗೊತ್ತಾದ ಮೇಲೆ ನಗು ನಿಂತು ಗುಸುಗುಸು ಶುರುವಾಗುತ್ತದೆ. ಮೊಬೈಲ್ ತೆರೆದರೆ ಸೈತಾನನ ಪೂಜೆ, ಜಗತ್ತನ್ನೇ ಆಳುವ ಗುಪ್ತ ಕೂಟ ಎಂಬ ವಿಡಿಯೋಗಳು ಸಾಲುಸಾಲು. ತೀರಿಕೊಂಡು ಎಷ್ಟೋ ವರ್ಷವಾದ ಮನುಷ್ಯನ ಹೆಸರು ಒಂದೇ ಸಂಜೆಗೆ ಫ್ಯಾಮಿಲಿ ಗ್ರೂಪಿನಲ್ಲಿ ಕೆಟ್ಟುಹೋಗುತ್ತದೆ.

ನಾನು ಹೇಳುವುದು ಇಷ್ಟೇ. ತೀರ್ಪು ಕೊಡುವ ಮೊದಲು ಕಾಗದ ಹುಡುಕಿ. ಕಾಗದ ಸಿಕ್ಕಿದ ಮೇಲೆ, ಅದು ಹೇಳದ ಪ್ರಶ್ನೆಯನ್ನೂ ಕೇಳಿ.

ಫ್ರೀಮೇಸನ್ ಅಂದರೆ ಏನು? ಮೇಸನ್ ಅಂದರೆ ಕಲ್ಲು, ಗಾರೆ ಕೆಲಸದವರು. ಅವರ ಮೂಲೆಮಟ್ಟ, ಕೈವಾರ, ತೂಕದ ಗುಂಡುಗಳನ್ನೇ ಗುರುತಾಗಿ ಇಟ್ಟುಕೊಂಡು, ನೆಟ್ಟಗೆ ಬಾಳಬೇಕು, ಒಬ್ಬರಿಗೊಬ್ಬರು ಆಗಬೇಕು ಎಂದು ಬೋಧಿಸುವ ಸಂಘ ಅದು. 1717ರಲ್ಲಿ ಲಂಡನ್ನಿನಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು. 1730ರ ಹೊತ್ತಿಗೆ ಕಲ್ಕತ್ತಾದಲ್ಲಿ ಒಂದು ಲಾಡ್ಜ್ ಇತ್ತು. ಆಮೇಲೆ ಮದ್ರಾಸು, ಬೊಂಬಾಯಿ. ಪಲ್ಟನ್ನಿನ ಜೊತೆಗೇ ಊರೂರು ಸುತ್ತುವ ಲಾಡ್ಜ್‌ಗಳೂ ಇದ್ದವು. ಹಾಗೆ ದಂಡು ಇದ್ದಲ್ಲಿ, ರೈಲ್ವೆ ಇದ್ದಲ್ಲಿ ಲಾಡ್ಜ್ ಬಂತು. ನಮ್ಮ ಬೆಂಗಳೂರು ದಂಡಿಗೂ ಬಂದದ್ದು ಹಾಗೆಯೇ. ಮೊದಮೊದಲು ಬಿಳಿಯರು, ಆಮೇಲೆ ನಮ್ಮ ವಕೀಲರು, ಡಾಕ್ಟರು, ಸರ್ಕಾರಿ ನೌಕರರು ಸೇರಿದರು.

ಗುಟ್ಟಿನ ಸಂಘ ಅನ್ನುವ ಮಾತಿಗೆ ಒಂದು ಉತ್ತರ ಇದೆ. ಒಬ್ಬರನ್ನೊಬ್ಬರು ಗುರುತಿಸುವ ಸಂಜ್ಞೆಗಳನ್ನು ಅವರು ಹೊರಗೆ ಹೇಳುತ್ತಿರಲಿಲ್ಲ, ನಿಜ. ಆದರೆ 1799ರ ಕಾನೂನಿನ ಪ್ರಕಾರ ಇಂಗ್ಲೆಂಡಿನ ಪ್ರತಿ ಲಾಡ್ಜ್ ವರ್ಷಕ್ಕೊಮ್ಮೆ ತನ್ನ ಸದಸ್ಯರ ಪಟ್ಟಿಯನ್ನು ಸರ್ಕಾರಿ ಅಧಿಕಾರಿಗೆ ಕೊಡಬೇಕಿತ್ತು. ಆ ಕಾನೂನು ರದ್ದಾದದ್ದು 1967ರಲ್ಲಿ. ಗ್ರ್ಯಾಂಡ್ ಲಾಡ್ಜ್ ತನ್ನದೇ ರಿಜಿಸ್ಟರ್ ಇಟ್ಟಿತ್ತು. ಹೆಸರು, ವಯಸ್ಸು, ಕಸುಬು, ವಾಸದ ಊರು, ಸೇರಿದ ತಾರೀಖು ಎಲ್ಲ ಅದರಲ್ಲಿ ಬರೆಯುತ್ತಿದ್ದರು. ಪಹಣಿಯಲ್ಲಿ ಸರ್ವೆ ನಂಬರ್ ಹುಡುಕುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಪಾಲು ಮಾಡುವಾಗ ಹಳೇ ಟ್ರಂಕು ತೆಗೆದರು. ಒಳಗೆ ನೀಲಿ ಅಂಚಿನ ಬಿಳಿ ಏಪ್ರನ್, ಮಡಚಿಟ್ಟ ಒಂದು ದಪ್ಪ ಕಾಗದ. ಹಿರಿಯ ಮಗ ‘ಇದೆಲ್ಲ ಮನೇಲಿ ಇರಬಾರದು, ಸುಟ್ಟುಬಿಡಿ’ ಅಂದ. ಮೊಮ್ಮಗ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ಅತ್ತೆಯೊಬ್ಬರು ‘ನಮ್ಮಪ್ಪನ ಸಾಮಾನು, ನನಗಿರಲಿ’ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಆ ಅತ್ತೆ ಮಾಡಿದ್ದೇ ಸರಿ. ಆ ಕಾಗದದಲ್ಲಿ ಇದ್ದದ್ದು ತಾತನ ಹೆಸರು, ಲಾಡ್ಜ್‌ನ ಹೆಸರು ಮತ್ತು ನಂಬರು, ತಾರೀಖು, ಅವರದೇ ಸಹಿ. ಹುಡುಕಾಟ ಶುರು ಮಾಡಲು ಅಷ್ಟು ಸಾಕು.

ನಿಮ್ಮ ಮನೆಯಲ್ಲೂ ಅಂಥದ್ದು ಸಿಕ್ಕರೆ ಮೊದಲು ನಂಬರ್ ನೋಡಿ. ಇಂಡಿಯಾದ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಎಂಬ ಮೂರು ಗ್ರ್ಯಾಂಡ್ ಲಾಡ್ಜ್‌ಗಳಲ್ಲಿ ಯಾವುದಾದರೂ ಒಂದರ ಕೆಳಗೆ ಇದ್ದವು. ಯಾವುದರ ಕೆಳಗೆ ಎಂದು ತಿಳಿಯದೆ ಹುಡುಕಿದರೆ ಬೇರೆ ತಾಲ್ಲೂಕಿನ ಕಚೇರಿಯಲ್ಲಿ ನಮ್ಮ ಖಾತೆ ಕೇಳಿದ ಹಾಗೆ. ಇಂಗ್ಲೆಂಡಿನವರು ನಂಬರುಗಳನ್ನು ಹಲವು ಸಲ ಬದಲಿಸಿದ್ದಾರೆ, ಕೊನೆಯ ಸಲ 1863ರಲ್ಲಿ. ಕಾಗದದಲ್ಲಿ 5900ರ ಆಸುಪಾಸಿನ ಇಸವಿ ಕಂಡರೆ ಗಾಬರಿ ಬೇಡ. ನಮ್ಮ ಇಸವಿಗೆ 4000 ಅಥವಾ 4004 ಕೂಡಿಸಿ ಬರೆಯುವುದು ಅವರ ಪದ್ಧತಿ.

ಇಂಗ್ಲೆಂಡಿನ ಅಡಿಯಲ್ಲಿ 1717ರಿಂದ 1894ರವರೆಗೆ ಶುರುವಾದ ಲಾಡ್ಜ್‌ಗಳ ವಿವರ ‘ಲೇನ್ಸ್ ಮೇಸಾನಿಕ್ ರೆಕಾರ್ಡ್ಸ್’ ಎಂಬ ಪಟ್ಟಿಯಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. 1751ರಿಂದ 1921ರವರೆಗಿನ ಸದಸ್ಯರ ರಿಜಿಸ್ಟರ್ ‘ಆನ್ಸೆಸ್ಟ್ರಿ’ ಎಂಬ ತಾಣದಲ್ಲಿದೆ, ಅದಕ್ಕೆ ದುಡ್ಡು ಕೊಡಬೇಕು. ಹುಡುಕುವಾಗ ಇಂಗ್ಲಿಷ್ ಗುಮಾಸ್ತನ ಕಿವಿಯಿಂದ ಕೇಳಿ. ರಾವ್ ಎಂಬುದನ್ನು ಆಗ ಆರ್-ಓ-ಡಬ್ಲ್ಯು ಎಂದೂ ಬರೆಯುತ್ತಿದ್ದರು. ಅಪ್ಪನ ಹೆಸರು, ಊರಿನ ಹೆಸರು ಯಾವುದು ಮುಂದೆ, ಯಾವುದು ಹಿಂದೆ ಎಂಬುದೂ ಅದಲುಬದಲಾಗಿರಬಹುದು.

1921ರ ನಂತರ ಸೇರಿದವರಿಗಾಗಿ ಪತ್ರ ಬರೆಯಬೇಕು. ಆ ಲಾಡ್ಜ್ ಈಗಲೂ ನಡೆಯುತ್ತಿದ್ದರೆ ಅದರ ಕಾರ್ಯದರ್ಶಿಗೆ ಬರೆಯಿರಿ. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು, ಅದರ ಕೇಂದ್ರ ದೆಹಲಿಯಲ್ಲಿದೆ. ಬಹಳಷ್ಟು ಲಾಡ್ಜ್‌ಗಳು ಅದಕ್ಕೆ ಸೇರಿದವು, ಕೆಲವು ಹಳೆಯ ಕಡೆಯೇ ಉಳಿದವು. ಇಂಗ್ಲೆಂಡಿನ ಹಳೇ ದಾಖಲೆಗೆ ಲಂಡನ್ನಿನ ಫ್ರೀಮೇಸನ್ರಿ ಮ್ಯೂಸಿಯಂ ಇದೆ. ಪತ್ರದಲ್ಲಿ ತಾತನ ಪೂರ್ತಿ ಹೆಸರು, ಹುಟ್ಟಿದ ಇಸವಿ, ಕೆಲಸ, ಊರು ಬರೆಯಿರಿ. ಕಾಗದದ ಫೋಟೊ ಜೊತೆಗಿರಲಿ, ಅಸಲು ಯಾರಿಗೂ ಕೊಡಬೇಡಿ.

ಸರಿ, ಉತ್ತರ ಬಂತು ಅನ್ನಿ. ಅದರಿಂದ ಏನು ಗೊತ್ತಾಗುತ್ತದೆ?

ಇಲ್ಲಿ ಒಂದು ಕಥೆ ಕೇಳಿ. ಕಲ್ಕತ್ತಾದ ವ್ಯಾಪಾರಿ ಪ್ರಸನ್ನಕುಮಾರ ದತ್ತ 1863ರಲ್ಲಿ ಲಾಡ್ಜ್ ಸೇರಲು ಅರ್ಜಿ ಹಾಕಿದರು. ಎಲ್ಲರೂ ಅಣ್ಣತಮ್ಮಂದಿರು ಎನ್ನುವ ಸಂಘ ಅವರನ್ನು ಒಂಬತ್ತು ವರ್ಷ ಬಾಗಿಲಲ್ಲೇ ನಿಲ್ಲಿಸಿತು. ಹಿಂದೂಗಳಿಗೆ ದೇವರು ಹಲವು, ಲಾಡ್ಜ್‌ಗೆ ಬರುವವನು ಒಬ್ಬನೇ ಪರಮಾತ್ಮನನ್ನು ನಂಬಬೇಕು ಎಂಬ ವಾದ ಎದ್ದಿತು. 1872ರಲ್ಲಿ ‘ಆಂಕರ್ ಅಂಡ್ ಹೋಪ್’ ಲಾಡ್ಜ್ ಅವರನ್ನು ಸೇರಿಸಿಕೊಂಡಿತು. ಹನ್ನೆರಡು ವರ್ಷದ ನಂತರ, 1884ರಲ್ಲಿ ಅದೇ ಲಾಡ್ಜ್‌ಗೆ ನರೇಂದ್ರನಾಥ ದತ್ತ ಎಂಬ ಯುವಕ ಸೇರಿದ. ಮುಂದೆ ಅವರೇ ಸ್ವಾಮಿ ವಿವೇಕಾನಂದರು.

ಈಗ ಯೋಚಿಸಿ. ಆ ರಿಜಿಸ್ಟರಿನ ಒಂದು ಸಾಲನ್ನು ಹಿಡಿದು ವಿವೇಕಾನಂದರು ಹೀಗೇ ಎಂದು ಯಾರಾದರೂ ಹೇಳಲು ಸಾಧ್ಯವೇ? ಅವರ ಮಾತು, ಓಡಾಟ, ಕೆಲಸ ಎಲ್ಲ ನಮ್ಮ ಮುಂದಿದೆ, ಅದನ್ನು ನೋಡಿ ಹೇಳುತ್ತೇವೆ. ನಮ್ಮ ತಾತನಿಗೂ ಅದೇ ನ್ಯಾಯ ಇರಲಿ. ಲಾಡ್ಜ್‌ನಲ್ಲಿದ್ದರು ಎಂದ ಮಾತ್ರಕ್ಕೆ ಅವರು ಬ್ರಿಟಿಷರ ಏಜೆಂಟೂ ಅಲ್ಲ, ದೊಡ್ಡ ಮಹಾತ್ಮರೂ ಅಲ್ಲ.

ಕೆಲವು ಮನೆಗಳಲ್ಲಿ ಗುಸುಗುಸುವಿನ ಬದಲು ಜಂಬ ಕಾಣುತ್ತದೆ. ‘ನಮ್ಮ ತಾತ ದೊರೆಗಳ ಜೊತೆ ಕೂತು ಊಟ ಮಾಡಿದವರು’ ಎನ್ನುತ್ತಾರೆ. ಅಂಥವರಿಗೂ ನನ್ನದೊಂದು ಪ್ರಶ್ನೆ. ಲಾಡ್ಜ್ ಸೇರಲು ಒಳಗಿದ್ದವರೇ ಹೆಸರು ಸೂಚಿಸಬೇಕಿತ್ತು. ಬಿಳಿ, ಕಪ್ಪು ಗೋಲಿ ಹಾಕಿ ಗುಪ್ತ ಮತ ತೆಗೆಯುತ್ತಿದ್ದರು. ಒಂದೆರಡು ಕಪ್ಪು ಗೋಲಿ ಬಿದ್ದರೂ ಬಾಗಿಲು ಮುಚ್ಚಬಹುದಿತ್ತು. ಶುಲ್ಕ ಕಟ್ಟಬೇಕು, ಚಂದಾ ಕಟ್ಟಬೇಕು. ಹೆಂಗಸರಿಗೆ ಪ್ರವೇಶ ಇರಲಿಲ್ಲ. ಹೊಲದ ಕೂಲಿಯವರು ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಒಳಗೆ ಬಿಳಿಯ ಅಧಿಕಾರಿಯ ಪಕ್ಕ ಅಣ್ಣತಮ್ಮನಂತೆ ಕೂತ ತಾತ, ಮನೆಗೆ ಬಂದಾಗ ಕೂಲಿಯವನಿಗೆ ಯಾವ ಲೋಟದಲ್ಲಿ ನೀರು ಕೊಟ್ಟರು? ಹಿತ್ತಲ ಬಾಗಿಲಲ್ಲಿ ಕೊಟ್ಟರೋ, ಜಗಲಿ ಮೇಲೆ ಕೂರಿಸಿ ಕೊಟ್ಟರೋ?

ಇದಕ್ಕೆ ಲಂಡನ್ನಿನಿಂದ ಉತ್ತರ ಬರುವುದಿಲ್ಲ, ಊರಿನಲ್ಲಿ ಸಿಗಬಹುದು. ತಿಂಗಳಿಗೊಂದು ಸಂಜೆ ಕಪ್ಪು ಕೋಟು ಹಾಕಿಕೊಂಡು ಹೋದ ಗಂಡನಿಗಾಗಿ ಊಟ ಮುಚ್ಚಿಟ್ಟು ಕಾದ ಅಜ್ಜಿಗೆ ಗೊತ್ತಿರುತ್ತದೆ. ಚಂದಾ ಕಟ್ಟಿದ ತಿಂಗಳು ಮನೆಯಲ್ಲಿ ಯಾವ ಖರ್ಚು ನಿಂತಿತು ಎಂಬುದೂ ಅವರಿಗೆ ಗೊತ್ತು. ತಾತನ ಹೊಲದಲ್ಲಿ ದುಡಿದವರ ಮಕ್ಕಳು ಇನ್ನೂ ಊರಲ್ಲಿದ್ದಾರೆ, ಅವರ ನೆನಪೂ ದಾಖಲೆಯೇ. ವರದಿಗೆ ಎರಡೂ ಕಡೆಯ ಮಾತು ಬೇಕು ಎಂದು ನಮಗೆ ಡಿಪ್ಲೊಮಾದಲ್ಲಿ ಕಲಿಸಿದರು. ಮನೆಯ ಚರಿತ್ರೆಗೂ ಅದು ಬೇಕು.

ರಿಜಿಸ್ಟರ್ ಇನ್ನೂ ಹತ್ತು ವರ್ಷ ಬಿಟ್ಟು ಕೇಳಿದರೂ ಸಿಗುತ್ತದೆ. ಅಜ್ಜಿ, ದೊಡ್ಡಮ್ಮ, ಹಳೇ ಆಳುಮಕ್ಕಳು ಸಿಗುವುದಿಲ್ಲ. ಈ ಹಬ್ಬಕ್ಕೆ ಮನೆ ಸುಣ್ಣ ಬಳಿಯುವಾಗ ಅಟ್ಟದ ಟ್ರಂಕು ಇಳಿಸಿದರೆ ಅದರ ಕಾಗದಗಳನ್ನು ಗುಜರಿಯವನಿಗೆ ತೂಗಿ ಹಾಕಬೇಡಿ. ಒಂದೊಂದೇ ಬಿಡಿಸಿ ಫೋಟೊ ತೆಗೆಯಿರಿ, ಹಿರಿಯರ ಪಕ್ಕ ಕೂತು ತೋರಿಸಿ, ಅವರು ಹೇಳಿದ್ದನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಗ್ರೂಪಿಗೆ ಹಾಕುವುದು ಆಮೇಲೆ ಇರಲಿ.