ರಾಜಧಾನಿಯನ್ನು ನೋಡುವ ಬಗೆ

ಈ ವರ್ಷದ ಚರ್ಚಾಕೂಟದಲ್ಲಿ ನಮ್ಮ ಹತ್ತನೆಯ ತರಗತಿಯವರು ಎತ್ತಿಕೊಂಡ ವಿಷಯವನ್ನು ವಾಚಕರಲ್ಲಿ ಹಲವರು ಬಲ್ಲರು. ‘ಪುಣೆಯ ಹಳೆಯ ಪೇಟೆಗಳನ್ನು ಪ್ರವಾಸಿಗಳಿಗೆ ವಿದ್ಯುತ್ ಗಾಡಿಗಳ ಮೇಲೆ ತೋರಿಸಬೇಕು’ ಎಂಬುದೇ ಅದು. ಪರವಾಗಿ ಮಾತಾಡಿದವರು ರೋಮ್, ವಾಷಿಂಗ್ಟನ್ ಮೊದಲಾದ ನಗರಗಳ ಚಿತ್ರಗಳನ್ನು ತೋರಿಸಿದರು. ತಲೆಗೆ ಹೆಲ್ಮೆಟ್ ಧರಿಸಿದ ಹತ್ತು ಹನ್ನೆರಡು ಮಂದಿ, ಒಬ್ಬೊಬ್ಬರೂ ಒಂದೊಂದು ಎರಡು ಗಾಲಿಯ ಯಂತ್ರದ ಮೇಲೆ ನಿಂತು, ಮುಂದೆ ಹೋಗುವ ಮಾರ್ಗದರ್ಶಿಯ ಹಿಂದೆ ಸಾಲಾಗಿ ಸಾಗುತ್ತಿದ್ದರು. ನನಗೇನೋ ಅದನ್ನು ಕಂಡು ಕೆರೆಗೆ ಹೊರಟ ಬಾತುಕೋಳಿಗಳ ನೆನಪಾಯಿತು. ವಿರೋಧವಾಗಿ ಮಾತಾಡಿದವರು ಅಪಘಾತ, ಖರ್ಚು, ಕಾಲುದಾರಿಯ ಇಕ್ಕಟ್ಟುಗಳನ್ನು ಹೇಳಿದರು. ಅಧ್ಯಕ್ಷಸ್ಥಾನದಲ್ಲಿದ್ದ ನಾನು ವಿರೋಧಪಕ್ಷಕ್ಕೆ ಜಯವೆಂದು ಸಾರಿದೆನು. ನಡಿಗೆಯಲ್ಲಿ ಪ್ರೀತಿಯುಳ್ಳ ನನಗೆ ಬೇರೆ ತೀರ್ಪು ಹೊಳೆಯಲೂ ಇಲ್ಲ.

ಸಭೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ನನ್ನ ಬಳಿಗೆ ಬಂದು, “ಸರ್, ಎರಡೂ ಕಡೆ ಮಾತಾಡಿದವರು ನಡೆಯಬಲ್ಲವರೇ ಅಲ್ವಾ?” ಎಂದು ಕೇಳಿದಳು. ಆಕೆಗೆ ಎಳವೆಯಿಂದಲೂ ಒಂದು ಕಾಲಿನಲ್ಲಿ ಬಲವಿಲ್ಲ. ಊರುಗೋಲಿನ ಆಧಾರದಿಂದ ಸ್ವಲ್ಪ ದೂರ ಮಾತ್ರ ನಡೆಯಬಲ್ಲಳು. ಆ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಈ ಸಂಚಿಕೆಯ ಸಂಪಾದಕರು ಲೇಖನ ಕೇಳಿದ್ದರಿಂದ ಇಲ್ಲಿ ಕೊಡಲು ಯತ್ನಿಸುತ್ತೇನೆ.

ಮೊದಲು ಆ ಎರಡು ಗಾಲಿಯ ಯಂತ್ರದ ವಿಚಾರ. ಅಮೆರಿಕದ ಡೀನ್ ಕೇಮನ್ ಎಂಬ ಸಂಶೋಧಕರು 2001ರ ಡಿಸೆಂಬರಿನಲ್ಲಿ ಅದನ್ನು ‘ಸೆಗ್ವೇ’ ಎಂಬ ಹೆಸರಿನಿಂದ ಲೋಕಕ್ಕೆ ತೋರಿಸಿದರು. ಅಕ್ಕಪಕ್ಕದಲ್ಲಿ ಎರಡು ಗಾಲಿಗಳು, ನಡುವೆ ನಿಲ್ಲುವ ಹಲಗೆ, ಮುಂದೆ ಹಿಡಿಕೆ. ಸವಾರನು ಮುಂದಕ್ಕೆ ಬಾಗಿದರೆ ಗಾಡಿ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬಾಗಿದರೆ ನಿಧಾನಿಸಿ ನಿಲ್ಲುತ್ತದೆ. ಒಳಗಿರುವ ಸೂಕ್ಷ್ಮ ಉಪಕರಣಗಳು ಬಾಗುವಿಕೆಯನ್ನು ಕ್ಷಣಕ್ಷಣವೂ ಅಳೆದು ಗಾಲಿಗಳನ್ನು ತಿರುಗಿಸಿ ಬೀಳದಂತೆ ಕಾಯುತ್ತವೆ. ನಗರಗಳ ಸಂಚಾರವನ್ನೇ ಇದು ಬದಲಿಸುವುದೆಂದು ಆಗ ಹಲವರು ನಂಬಿದರು. ಬೆಲೆ ಸುಮಾರು 5000 ಡಾಲರು, ನಂಬಿದಂತೆ ನಡೆಯಲಿಲ್ಲ. ಕಡೆಗೆ ಅದಕ್ಕೆ ಆಶ್ರಯ ದೊರೆತದ್ದು ಪೋಲೀಸರಲ್ಲಿ ಮತ್ತು ಪ್ರವಾಸಿಗಳಲ್ಲಿ. 2020ರ ಜುಲೈನಲ್ಲಿ ಆ ಮೂಲ ಯಂತ್ರದ ತಯಾರಿಕೆಯೇ ನಿಂತಿತು. ಅದಕ್ಕೆ ಮುಂಚೆಯೇ, 2016ರಲ್ಲಿ, ಪ್ರಾಗ್ ನಗರವು ತನ್ನ ಹಳೆಯ ಪೇಟೆಯಿಂದ ಅದನ್ನು ಹೊರಗಿಟ್ಟಿತ್ತು. ಪ್ಯಾರಿಸ್ಸಿನವರು ಬಾಡಿಗೆಯ ವಿದ್ಯುತ್ ಸ್ಕೂಟರುಗಳ ವಿಷಯವಾಗಿ 2023ರ ಏಪ್ರಿಲಿನಲ್ಲಿ ಜನಮತ ಕೇಳಿದರು. ಮತ ಹಾಕಿದವರು ತೀರ ಕಡಮೆಯಾದರೂ ಅವರಲ್ಲಿ ನೂರಕ್ಕೆ ಸುಮಾರು 89 ಮಂದಿ ಬೇಡವೆಂದರು. ಬೀದಿಯಲ್ಲಿ ವಾಸಿಸುವವರಿಗೂ ಬೀದಿಯನ್ನು ನೋಡಬಂದವರಿಗೂ ಹೊಂದಿಕೆಯಾಗುವುದು ಸುಲಭವಲ್ಲ.

ನಮ್ಮ ಹುಡುಗರಿಗೆ ಇದು ಹೊಸತೆಂದು ತೋರಿದರೂ ವಾಹನವೇರಿ ಹಳೆಯ ರಾಜಧಾನಿಯನ್ನು ನೋಡುವ ಪದ್ಧತಿ ನಮ್ಮವರಿಗೆ ಹೊಸತಲ್ಲ. ನಾನು ಹುಟ್ಟಿ ಬೆಳೆದು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ್ದು ಆದಿಲಶಾಹಿಗಳ ರಾಜಧಾನಿಯಾದ ವಿಜಾಪುರದಲ್ಲಿ. (2014ರಿಂದ ಅದರ ಹೆಸರು ವಿಜಯಪುರ, ನಾಲಗೆಯ ಮೇಲೆ ಹಳೆಯದೇ ನಿಂತಿದೆ.) ನನ್ನ ಸೋದರಮಾವ ಅಲ್ಲಿ ಟಾಂಗಾ ಹೊಡೆಯುತ್ತಿದ್ದರು. ರಜಾದಿನಗಳಲ್ಲಿ ನಾನು ಅವರ ಪಕ್ಕದಲ್ಲಿ ಕುಳಿತು ಊರೂರುಗಳಿಂದ ಬಂದ ಪ್ರವಾಸಿಗಳೊಡನೆ ಗೋಳಗುಮ್ಮಟ, ಬಾರಾ ಕಮಾನು, ಇಬ್ರಾಹಿಂ ರೋಜಾಗಳನ್ನು ಲೆಕ್ಕವಿಲ್ಲದಷ್ಟು ಸಲ ಸುತ್ತಿದ್ದೇನೆ. ಮಾಮಾ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಆದರೆ ಕನ್ನಡಿಗರಿಗೆ ಕನ್ನಡದಲ್ಲಿ, ಮಿಕ್ಕವರಿಗೆ ದಖನಿಯಲ್ಲಿ ಕಥೆ ಹೇಳುತ್ತಿದ್ದರು. ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, “ಇಳೀರಿ ಯಜಮಾನ್ರ, ಕುದರಿ ನೀರ ಕುಡೀಲಿ. ಅಷ್ಟರಾಗ ನೀವು ತೋಪಿನ ಬಾಯಾಗ ಆನಿ ಎಲ್ಲೈತಿ ಹುಡುಕ್ರಿ” ಎನ್ನುತ್ತಿದ್ದರು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಆ ತೋಪಿನ ಬಾಯಿ ಸಿಂಹದ ಮುಖದಂತಿದೆ. ಅದರ ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿ ನಜ್ಜಾಗುತ್ತಿದೆ. ಬಹುಮಂದಿಗೆ ಅದು ಒಂದೇ ನೋಟಕ್ಕೆ ಕಾಣುವುದಿಲ್ಲ. ಹುಡುಕಿ ಕಂಡವರು ಮಕ್ಕಳಂತೆ ಕೂಗಿಕೊಳ್ಳುತ್ತಿದ್ದರು. ಕುದುರೆಗೆ ನಿಜವಾಗಿ ನೀರಡಿಕೆಯಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಬ್ಯಾಟರಿಗೆ ದಾರಿಯಲ್ಲಿ ನೀರಡಿಕೆಯಾಗುವುದಿಲ್ಲ. ನನ್ನ ಮುಖ್ಯ ಆಕ್ಷೇಪಣೆ ಇದೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಹಂಪೆಗೆ ಕರೆದೊಯ್ದಾಗ ಅದಕ್ಕೆ ಪುಷ್ಟಿಯೂ ದೊರೆಯಿತು. ಅಲ್ಲಿ ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ಸುಮಾರು ಒಂದು ಕಿಲೋಮೀಟರ್ ದಾರಿಯಲ್ಲಿ ಪ್ರವಾಸಿಗಳ ಮೋಟಾರುಗಳನ್ನು ಬಿಡುವುದಿಲ್ಲ; ಗೆಜ್ಜಲ ಮಂಟಪದ ಬಳಿಯಿಂದ ಬ್ಯಾಟರಿ ಗಾಡಿಗಳು ಜನರನ್ನು ಒಯ್ಯುತ್ತವೆ. ಅವುಗಳನ್ನು ನಡೆಸುವವರು ಆ ಸೀಮೆಯ ಹೆಣ್ಣುಮಕ್ಕಳು. ಹೊಗೆಯಿಲ್ಲ, ಸದ್ದಿಲ್ಲ, ಕಲ್ಲುಗಳಿಗೆ ಕಂಪನದ ಭಯ ಕಡಮೆ. ವ್ಯವಸ್ಥೆ ಮೆಚ್ಚತಕ್ಕದ್ದೇ. ಆದರೆ ಊರಿಗೆ ಮರಳಿದ ಮೇಲೆ ಪ್ರಬಂಧ ಬರೆಸಿದರೆ ಹೆಚ್ಚಿನ ಮಕ್ಕಳು ಗಾಡಿಯ ಮೇಲೆ ಕುಳಿತ ಸಂಭ್ರಮವನ್ನೂ, ಅದರಿಂದ ಇಳಿದೊಡನೆ ಕಂಡ ಕಲ್ಲಿನ ರಥವನ್ನೂ ಬರೆದಿದ್ದರು. ನಡುವಣ ರಥಬೀದಿಯ ಅಂಗಡಿಸಾಲಿನ ಕಂಬಗಳಾಗಲಿ, ಪುಷ್ಕರಣಿಯಾಗಲಿ ಯಾರ ಬರೆಹದಲ್ಲಿಯೂ ಬರಲಿಲ್ಲ. ರಥವಂತೂ ಐವತ್ತು ರೂಪಾಯಿಯ ನೋಟಿನ ಮೇಲೆಯೇ ಇದೆ. ಅದಕ್ಕಾಗಿ ಹಂಪೆಯವರೆಗೆ ಹೋಗಬೇಕಾಗಿರಲಿಲ್ಲ ಎಂದು ನಾನು ತರಗತಿಯಲ್ಲಿ ಗದರಿದೆನು. ಅದೇ ಪ್ರವಾಸದಲ್ಲಿ ಒಬ್ಬ ವಿದ್ಯಾರ್ಥಿಯ ಅಜ್ಜಿಯೂ ನಮ್ಮೊಡನೆ ಬಂದಿದ್ದರು. ಮಂಡಿನೋವಿನ ಆ ತಾಯಿ ಗಾಡಿಯಿಲ್ಲದಿದ್ದರೆ ಗೆಜ್ಜಲ ಮಂಟಪದಲ್ಲಿಯೇ ಕುಳಿತಿರಬೇಕಾಗುತ್ತಿತ್ತು. ಗದರುವಾಗ ನನಗೆ ಇದು ನೆನಪಾಗಲಿಲ್ಲ.

ಈಗ ಪುಣೆಗೆ ಬರೋಣ. ಪೇಶ್ವೆಯರ ರಾಜಧಾನಿಯಾಗಿ 1818ರವರೆಗೆ ಮೆರೆದ ಈ ಊರಿನ ಮುಖ್ಯ ಸ್ಥಳಗಳೆಲ್ಲ ಒಂದಕ್ಕೊಂದು ಸಮೀಪವಾಗಿವೆ. ಶನಿವಾರವಾಡೆಯಿಂದ ಲಾಲಮಹಲು, ಕಸಬಾ ಗಣಪತಿ. ಅಲ್ಲಿಂದ ಬುಧವಾರಪೇಟೆ, ವಿಶ್ರಾಮಬಾಗವಾಡೆ, ತುಳಶೀಬಾಗು, 1886ರಲ್ಲಿ ತೆರೆದ ಮಂಡಯಿ. ನಡೆಯಬಲ್ಲವನಿಗೆ ಇದು ಒಂದು ಬೆಳಗಿನ ಕೆಲಸ. ಈ ದಾರಿಯಲ್ಲಿಯೇ, 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳ ಶಾಲೆಯನ್ನು ತೆರೆದ ಭಿಡೆವಾಡೆಯ ಸ್ಥಳವಿದೆ. ಸ್ಮಾರಕವನ್ನು ಕಟ್ಟುವುದಕ್ಕಾಗಿ ಹಳೆಯ ಕಟ್ಟಡವನ್ನು 2023ರ ಡಿಸೆಂಬರಿನಲ್ಲಿ ಕೆಡವಿದರು. ನೋಡಲು ಏನೂ ಉಳಿಯದ ಇಂಥ ಜಾಗದಲ್ಲಿ ಗಾಡಿ ನಿಲ್ಲಿಸುವ ಮಾರ್ಗದರ್ಶಿ ಅಪರೂಪ, ಶಿಕ್ಷಕನಾದವನು ನಿಲ್ಲಲೇಬೇಕು. ಅಹಮದಾಬಾದಿನ ನಗರಪಾಲಿಕೆಯು 1997ರಿಂದ ಹಳೆಯ ಪೋಳಗಳಲ್ಲಿ ‘ಪರಂಪರೆಯ ನಡಿಗೆ’ಯನ್ನು ನಡೆಸುತ್ತ ಬಂದಿರುವುದನ್ನೂ ಇಲ್ಲಿ ನೆನೆಯಬೇಕು.

ಹೀಗೆಲ್ಲ ಯೋಚಿಸಿಯೇ ಹೋದ ವರ್ಷ ನಾನು ಒಂಬತ್ತನೆಯ ತರಗತಿಯವರನ್ನು ಈ ದಾರಿಯಲ್ಲಿ ನಡೆಸಿಕೊಂಡು ಹೋದೆನು. ಮೇಲೆ ಹೇಳಿದ ವಿದ್ಯಾರ್ಥಿನಿಯೂ ಬಂದಿದ್ದಳು. ಶನಿವಾರವಾಡೆಯ ಮುಂದೆ ನಾನು, “ನೀನು ಇಲ್ಲೇ ನೆರಳಿನಲ್ಲಿ ಕೂತಿರಮ್ಮ, ನಾವು ಬೇಗ ಬಂದುಬಿಡುತ್ತೇವೆ” ಎಂದು ಹೇಳಿ, ಜೊತೆಗೆ ಒಬ್ಬ ಗೆಳತಿಯನ್ನು ಬಿಟ್ಟು ಹೊರಟೆನು. ಮರಳಿದ್ದು ಎರಡೂವರೆ ಗಂಟೆಯ ಮೇಲೆ. ಆಕೆ ಅಳುತ್ತಿರಲಿಲ್ಲ, ಸಿಟ್ಟಾಗಿರಲಿಲ್ಲ. ದಿಲ್ಲಿ ದರವಾಜೆಯ ಒಂದು ಕದದ ಮೇಲಿನ ಕಬ್ಬಿಣದ ಮುಳ್ಳುಗಳನ್ನು ಎಣಿಸಿ ಕೈಪುಸ್ತಕದಲ್ಲಿ ಬರೆದುಕೊಂಡಿದ್ದಳು: ಒಂಬತ್ತು ಎಂಟಲ ಎಪ್ಪತ್ತೆರಡು. “ಮುಳ್ಳು ಕೆಳಗಿಲ್ಲ, ಅಷ್ಟು ಮೇಲೆ ಯಾಕಿದೆ ಸರ್?” ಎಂದು ಕೇಳಿದಳು. ಯುದ್ಧದಾನೆಯು ಹಣೆಯಿಂದ ಬಾಗಿಲನ್ನು ಗುದ್ದದಿರಲೆಂದು ಅದರ ಹಣೆಯ ಎತ್ತರಕ್ಕೆ ಮುಳ್ಳುಗಳನ್ನು ಜಡಿದಿದ್ದಾರೆಂದು ಹೇಳಿದೆನು. ಉಳಿದ ಮಕ್ಕಳಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಅವರೆಲ್ಲ ನಡೆದಿದ್ದರು, ಆದರೆ ನನ್ನ ಹಿಂದೆ ಓಡೋಡಿ ನಡೆದಿದ್ದರು. ಗಾಡಿಯ ಮೇಲೆ ನಾನು ಹೊರಿಸುತ್ತಿದ್ದ ದೋಷವನ್ನು ನಾನೇ ಮಾಡಿದ್ದೆ. ಆಕೆ ಆ ಬಾಗಿಲೊಂದನ್ನು ಬಿಟ್ಟು ಬೇರೇನನ್ನೂ ಅಂದು ನೋಡಲಿಲ್ಲವೆಂಬುದೂ ನಿಜವೇ. ಭಿಡೆವಾಡೆಯ ಜಾಗದಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಕುರಿತು ನಾನು ಭಾಷಣ ಮಾಡುತ್ತಿದ್ದಾಗ ನನ್ನ ತರಗತಿಯ ಒಬ್ಬ ಹೆಣ್ಣುಮಗಳು ಕೋಟೆಯ ಬಾಗಿಲಲ್ಲಿ ಕಾಯುತ್ತಿದ್ದಳು.

ಆದುದರಿಂದ ಚರ್ಚಾಕೂಟದಲ್ಲಿ ಕೊಟ್ಟ ತೀರ್ಪನ್ನು ನಾನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಂತು ಸವಾರಿ ಮಾಡುವ ಒಂಟಿ ಯಂತ್ರಗಳು ಪುಣೆಯ ಪೇಟೆಗಳಿಗೆ ಬೇಡವೆಂಬ ಮಾತಿನಲ್ಲಿ ಬದಲಾವಣೆಯಿಲ್ಲ. ಎರಡು ಕಾಲುಗಳ ಮೇಲೆ ಗಟ್ಟಿಯಾಗಿ ನಿಲ್ಲಬಲ್ಲವನಿಗೇ ಅವು ಪ್ರಯೋಜನ, ಅಂಥವನು ನಡೆಯಬಲ್ಲ. ಹುಡುಗರಿಗೆ ಇನ್ನೊಂದು ಮಾತು: 250 ವ್ಯಾಟಿಗಿಂತ ಕಡಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ವಿದ್ಯುತ್ ದ್ವಿಚಕ್ರಕ್ಕೆ ಲೈಸೆನ್ಸು ಬೇಡವೆಂದು ನಿಮ್ಮಲ್ಲಿ ಕೆಲವರು ಚರ್ಚೆಯಲ್ಲಿ ಹೇಳಿದ್ದು ಸರಿ. ಆದರೆ ಲೈಸೆನ್ಸು ಬೇಡವೆಂದ ಮಾತ್ರಕ್ಕೆ ತುಳಶೀಬಾಗಿನ ಬಳೆಯಂಗಡಿಗಳ ನಡುವೆ ಅದನ್ನು ನುಗ್ಗಿಸಬಹುದೆಂದು ಅರ್ಥವಲ್ಲ.

ಕುಳಿತು ಹೋಗುವ, ನಿಧಾನವಾದ ಬ್ಯಾಟರಿ ಗಾಡಿ ಬೇರೆ ಮಾತು. ನಡೆಯಲಾರದವರಿಗೆ, ಮುದುಕರಿಗೆ, ಬಸುರಿಯರಿಗೆ ಅದು ಇರಬೇಕು. ಮೊದಲ ಸ್ಥಾನ ಅವರಿಗೇ ಸಲ್ಲಬೇಕು. ಮದರಾಸಿನ ಐಐಟಿಯವರು 2021ರಲ್ಲಿ ‘ನಿಯೋಬೋಲ್ಟ್’ ಎಂಬ ಸಾಧನವನ್ನು ಹೊರತಂದರು. ಗಾಲಿಕುರ್ಚಿಯ ಮುಂದೆ ಅದನ್ನು ಜೋಡಿಸಿದರೆ ಕುರ್ಚಿಯೇ ವಿದ್ಯುತ್ ಗಾಡಿಯಾಗುತ್ತದೆ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 25 ಕಿಲೋಮೀಟರ್ ಹೋಗುತ್ತದೆ. ಹೆಮ್ಮೆಪಡತಕ್ಕ ವಿದ್ಯುತ್ ವಾಹನವೆಂದರೆ ಇದು. ಆದರೆ ಹಂಪೆಯಲ್ಲಿ ಮಾಡಿರುವಂತೆ ಮೊದಲು ದಾರಿಯನ್ನು ತೆರವು ಮಾಡಬೇಕು. ಮೋಟಾರು, ರಿಕ್ಷಾ, ಹತ್ತುಗಾಡಿಗಳ ನಡುವೆ ಹನ್ನೊಂದನೆಯದಾಗಿ ಬ್ಯಾಟರಿ ಗಾಡಿಯನ್ನು ತುರುಕಿದರೆ ಯಾರಿಗೂ ಸುಖವಿಲ್ಲ. ಪುಣೆಯಲ್ಲಿ ಇದು ಆಗದ ಮಾತೂ ಅಲ್ಲ. 2021ರಿಂದ ಮಹಾನಗರಪಾಲಿಕೆಯವರು ಡಿಸೆಂಬರ್ 11ರಂದು ಲಕ್ಷ್ಮೀರಸ್ತೆಯ ಒಂದು ಭಾಗಕ್ಕೆ ವಾಹನಗಳನ್ನು ಬಿಡದೆ ‘ಪಾದಚಾರಿ ದಿನ’ವನ್ನು ಆಚರಿಸುತ್ತಿದ್ದಾರೆ. ಆ ದಿನ ಆ ಬೀದಿಯನ್ನು ನೋಡಿದವರಿಗೆ ಅದರ ಅಗಲ ಎಷ್ಟೆಂದು ಮೊದಲ ಸಲ ತಿಳಿಯುತ್ತದೆ.

ಮಾರ್ಗದರ್ಶಿಯ ವಿಷಯ ಉಳಿಯಿತು. ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಕಲಬುರಗಿ, ಯಾದಗಿರಿ, ವಿಜಾಪುರದ ಕಡೆಯಿಂದ ಬಂದು ಈ ಊರಿನ ಕಟ್ಟಡಗಳನ್ನು ಕಟ್ಟುತ್ತಿರುವವರು. ಹತ್ತು ವರ್ಷ ಇಲ್ಲಿದ್ದೂ ಶನಿವಾರವಾಡೆಯ ಒಳಗೆ ಹೋಗದವರು ಅವರಲ್ಲಿದ್ದಾರೆ. ಅವರಿಗೆ ಕನ್ನಡದಲ್ಲಿ ಈ ಊರಿನ ಕಥೆಯನ್ನು ಹೇಳುವವರು ಯಾರು? ಇಲ್ಲಿಯೇ ಬೆಳೆದು ಮರಾಠಿಯನ್ನೂ ಕನ್ನಡವನ್ನೂ ಬಲ್ಲ ನೀವೇ ಹೇಳಬಲ್ಲಿರಿ. ನನ್ನ ಮಾವನಿಗೆ ಟಾಂಗಾ ಇತ್ತು. ನಿಮಗೆ ಅದೂ ಬೇಕಾಗಿಲ್ಲ.

ಬರುವ ಡಿಸೆಂಬರ್ 11ರಂದು ತಂದೆತಾಯಿಗಳೊಡನೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ದಾರಿಯನ್ನು ಗೊತ್ತುಮಾಡುವ ಕೆಲಸವನ್ನು ಈ ಸಲ ಆ ವಿದ್ಯಾರ್ಥಿನಿಗೇ ಒಪ್ಪಿಸಿದ್ದೇನೆ. ಮೆಟ್ರೋ ರೈಲಿನಲ್ಲಿ ಮಂಡಯಿಗೆ ಬಂದು, ಲಿಫ್ಟಿನಲ್ಲಿ ಮೇಲೇರಿ, ಬಾಡಿಗೆಗೆ ತಂದ ಗಾಲಿಕುರ್ಚಿಯಲ್ಲಿ ಲಕ್ಷ್ಮೀರಸ್ತೆಗೆ ಹೊರಡುವುದು ಆಕೆಯ ಯೋಜನೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನೂ ಬರೆದಿಟ್ಟಿದ್ದಾಳೆ. ಭಿಡೆವಾಡೆಯ ಮುಂದೆ ಅರ್ಧ ಗಂಟೆ ಎಂದಿದೆ.