ಎತ್ಕೊಂಡ್ರೆ ಸುಮ್ಮನೆ, ಮಲಗಿಸಿದ್ರೆ ಅಳು

ಮೊನ್ನೆ ರಾತ್ರಿ 2:40ಕ್ಕೆ ಒಂದು ಮೆಸೇಜ್ ಬಂದಿತ್ತು. ನಮ್ಮ ಟೀಮ್‌ನ ಹುಡುಗಿ, ಮಗುವಿಗೆ ಈಗ 6 ವಾರ. "ಅಕ್ಕಾ, ಎಚ್ಚರ ಇದ್ದೀರಾ? ಹಾಲು ಕಕ್ತಾನೆ, ಬೆನ್ನು ಬಿಲ್ಲಿನ ಥರ ಮಾಡ್ಕೊಂಡು ಅಳ್ತಾನೆ. ಎತ್ಕೊಂಡ್ರೆ ಸುಮ್ನಾಗ್ತಾನೆ, ಮಲಗಿಸಿದ ತಕ್ಷಣ ಮತ್ತೆ ಶುರು. ಗೂಗಲ್ ಮಾಡಿದ್ರೆ ರಿಫ್ಲಕ್ಸ್ ಅಂತ ಬರ್ತಿದೆ. ಅದೇನಾ ಇದು?"

ಬೆಳಿಗ್ಗೆ ಎದ್ದು ಓದಿದೆ. ನಾಲ್ಕು ವರ್ಷದ ಹಿಂದೆ ನಾನೇ ಕಳಿಸಿದ್ದ ಮೆಸೇಜು ತಿರುಗಿ ಬಂದ ಹಾಗಿತ್ತು.

ನನ್ನ ಮಗಳದ್ದೂ ಇದೇ ಕಥೆ. ಸಂಜೆ ಆರಕ್ಕೆ ಶುರುವಾದರೆ ಹತ್ತರವರೆಗೂ ಅಳು. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಅತ್ತೆ, ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸೋಣ ಅಂದರು. (ದೃಷ್ಟಿ ತೆಗೆಯೋದರಿಂದ ಯಾರಿಗೂ ನಷ್ಟವಿಲ್ಲ. ಜೇನುತುಪ್ಪ ಮಾತ್ರ ಒಂದು ವರ್ಷ ತುಂಬೋವರೆಗೆ ಬೇಡವೇ ಬೇಡ. ಬಾಟ್ಯುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು.) ನಾನು ಡಾಕ್ಟರ್ ಹತ್ರ ಓಡಿದೆ. ಐದು ನಿಮಿಷದಲ್ಲಿ ರಿಫ್ಲಕ್ಸ್ ಅಂದ್ರು, ಆಸಿಡ್ ಕಡಿಮೆ ಮಾಡೋ ಔಷಧಿ ಬರೆದುಕೊಟ್ರು. ಎರಡು ವಾರ ಕೊಟ್ಟೆ. ಅಳು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಬದಲಾಗಿದ್ದು ನಾನು. ಅವಳು ಯಾಕೆ ಅತ್ತರೂ ನನಗೆ ಎದೆಯುರಿಯೇ ಕಾಣಿಸೋಕೆ ಶುರುವಾಯ್ತು.

ಎರಡನೇ ಡಾಕ್ಟರು ಸ್ವಲ್ಪ ವಯಸ್ಸಾದವರು. ಚೀಟಿ ನೋಡೋದಕ್ಕೂ ಮೊದಲು ಮಗೂನ ತೂಕಕ್ಕೆ ಹಾಕಿದರು. ತೂಕ ಚೆನ್ನಾಗಿಯೇ ಏರಿತ್ತು. "ನೋಡಮ್ಮಾ, ಇವಳು ಕಕ್ಕೋದೂ ನಿಜ, ಅಳೋದೂ ನಿಜ. ಕಕ್ಕೋದಕ್ಕೇ ಅಳ್ತಾಳೆ ಅಂತ ಹೇಗೆ ಹೇಳ್ತೀಯ?"

ಅವತ್ತಿನಿಂದ ನಾನು ಓದಿ ತಿಳಿದುಕೊಂಡದ್ದು ಇಷ್ಟು. ಅನ್ನನಾಳದ ಕೊನೆಯಲ್ಲಿ, ಹೊಟ್ಟೆ ಶುರುವಾಗೋ ಜಾಗದಲ್ಲಿ, ಒಂದು ಬಿಗಿಯಾದ ಸ್ನಾಯುವಿನ ಉಂಗುರ ಇರುತ್ತೆ. ಹಸುಗೂಸಿನಲ್ಲಿ ಅದಿನ್ನೂ ಬಲಿತಿರಲ್ಲ. ಮೇಲಾಗಿ ಮಗು ಕುಡಿಯೋದೆಲ್ಲ ನೀರುನೀರಾದ ಹಾಲು, ಇರೋದು ದಿನವೆಲ್ಲ ಮಲಗಿಕೊಂಡು. ಹಾಲು ಮೇಲೆ ಬರದೆ ಏನು ಮಾಡುತ್ತೆ? ಇದು ಸಾಮಾನ್ಯವಾಗಿ 8 ವಾರದೊಳಗೆ ಶುರುವಾಗಿ, ಹೆಚ್ಚಿನ ಮಕ್ಕಳಲ್ಲಿ ಒಂದು ವರ್ಷದ ಹೊತ್ತಿಗೆ ತಾನೇ ನಿಲ್ಲುತ್ತೆ. ಇನ್ನು ಅಳು. ಅದು ಎರಡನೇ ವಾರದ ಸುಮಾರಿಗೆ ಏರತೊಡಗಿ, 6ನೇ ವಾರದ ಆಸುಪಾಸಿನಲ್ಲಿ ತುದಿ ಮುಟ್ಟಿ, 3-4 ತಿಂಗಳಿಗೆ ಇಳಿಯುತ್ತೆ. ಆರೋಗ್ಯವಂತ ಮಕ್ಕಳಲ್ಲೂ ಅಷ್ಟೇ, ಅದರಲ್ಲೂ ಸಂಜೆ ಹೊತ್ತು ಜಾಸ್ತಿ. ಎರಡೂ ಒಂದೇ ಸಮಯಕ್ಕೆ ಬರೋದರಿಂದ ನಾವು ಒಂದಕ್ಕೊಂದು ಗಂಟು ಹಾಕಿಬಿಡ್ತೀವಿ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹಾಲು ಕುಡಿದಾಗಲೆಲ್ಲ ಅಳೋ, ರಿಫ್ಲಕ್ಸ್ ಇದೆ ಅಂದುಕೊಂಡಿದ್ದ 162 ಕೂಸುಗಳಲ್ಲಿ ಅರ್ಧಕ್ಕೆ ಆಸಿಡ್ ತಗ್ಗಿಸೋ ಔಷಧಿ, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಹುಸಿ ಡೋಸ್ ಕೊಟ್ಟರು. ಎರಡೂ ಗುಂಪಿನಲ್ಲಿ ಸುಧಾರಿಸಿದವರು ಶೇ. 54. ಸರಿಸಮ!

"ಎತ್ಕೊಂಡ್ರೆ ಸುಮ್ಮನೆ, ಮಲಗಿಸಿದ್ರೆ ಅಳು" ಅನ್ನೋದು ರಿಫ್ಲಕ್ಸ್‌ನ ಲಕ್ಷಣ ಅಂತ ರೀಲ್ಸ್‌ನಲ್ಲಿ ಹೇಳ್ತಾರೆ. ಅಲ್ಲಾ ಸ್ವಾಮಿ, ಅದು ಮಗುವಿನ ಲಕ್ಷಣ!

ನಮ್ಮನೇಲಿ ನಿಜವಾಗಿ ನಡೀತಿದ್ದದ್ದೇ ಬೇರೆ. ಅತ್ತಾಗಲೆಲ್ಲ ಹಸಿವು ಅಂತ ಎದೆಗೆ ಹಾಕ್ತಿದ್ದೆ. ತುಂಬಿದ ಹೊಟ್ಟೆಗೆ ಮತ್ತೆ ಹಾಲು, ಮತ್ತೆ ಕಕ್ಕು, ಮತ್ತೆ ಅಳು. ಆಮೇಲೆ ಗಮನಿಸೋಕೆ ಕಲಿತೆ. ಕೈ ಬಾಯಿಗೆ ತರ್ತಿದ್ದರೆ, ಬಾಯಿ ತೆರೆದು ಆ ಕಡೆ ಈ ಕಡೆ ಹುಡುಕ್ತಿದ್ದರೆ ಹಸಿವು. ಮುಖ ಆಚೆ ತಿರುಗಿಸಿದರೆ, ಕಣ್ಣು ಎಲ್ಲೋ ನೆಟ್ಟರೆ, ಕೈಕಾಲು ಜರ್ಕ್ ಹೊಡೆದರೆ ನಿದ್ದೆ. ಬೆನ್ನು ಬಿಲ್ಲಾಗೋದು ಸಾಕು ಅಂತಲೂ ಇರಬಹುದು, ಸುಸ್ತು ಅಂತಲೂ ಇರಬಹುದು. ಆ ವಯಸ್ಸಿನ ಮಗು ಒಂದು, ಒಂದೂವರೆ ಗಂಟೆಗಿಂತ ಜಾಸ್ತಿ ಎಚ್ಚರ ಇದ್ದರೆ ಸೋತು ಹೋಗುತ್ತೆ. ನಾವೋ, ಸಂಜೆ ಬರೋ ನೆಂಟರ ಕೈಯಿಂದ ಕೈಗೆ ದಾಟಿಸ್ತಾ, ಟಿವಿ, ಟ್ಯೂಬ್‌ಲೈಟು ಎಲ್ಲಾ ಹಾಕ್ಕೊಂಡು ಕೂರ್ತಿದ್ವಿ. ಐದೂವರೆಗೇ ರೂಮಿನ ಲೈಟ್ ಆರಿಸಿ, ಯಜಮಾನರು ಅವಳನ್ನ ಎದೆಗೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಓಡಾಡೋಕೆ ಶುರು ಮಾಡಿದರು. ಅಳು ನಿಲ್ಲಲಿಲ್ಲ, ನಾಲ್ಕು ಗಂಟೆ ಇದ್ದದ್ದು ಎರಡಕ್ಕಿಳೀತು.

ಹಾಲು ಕುಡಿದ ಮೇಲೆ ತೇಗು ಬರಿಸಿ, 20-30 ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದರೆ ಕಕ್ಕೋದು ಸ್ವಲ್ಪ ಕಮ್ಮಿ. ನಿದ್ದೆಗೆ ಮಾತ್ರ ಸಮತಟ್ಟಾದ ಗಟ್ಟಿ ಹಾಸಿಗೆ, ಅಂಗಾತ. ರಿಫ್ಲಕ್ಸ್ ಅಂತ ತಲೆದಿಂಬು ಇಡೋದು, ಬೋರಲು ಮಲಗಿಸೋದು ಅಪಾಯ. ಸೀರೆ ಜೋಲಿಯಲ್ಲಿ ತೂಗೋದಾದರೆ ಕಣ್ಣೆದುರು ತೂಗಿ, ನಿದ್ದೆ ಬಂದ ಮೇಲೆ ಹಾಸಿಗೆಗೆ ಹಾಕಿ.

ಆದರೆ ವಾಂತಿ ಹಸಿರು ಬಣ್ಣ ಇದ್ದರೆ, ರಕ್ತ ಕಂಡರೆ, ಪ್ರತಿ ಸಲ ದೂರಕ್ಕೆ ಚಿಮ್ಮಿದರೆ, ಹಾಲೇ ಬೇಡ ಅಂದರೆ, ಮಂಕಾದರೆ, ಉಚ್ಚೆ ಕಮ್ಮಿಯಾದರೆ, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ, ಈ ಅಂಕಣ ಓದ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ತೂಕ ಏರದಿದ್ದರೆ, ಮಲದಲ್ಲಿ ರಕ್ತ ಅಥವಾ ಲೋಳೆ, ಮೈಮೇಲೆ ಒಣ ಕಜ್ಜಿ ಇದ್ದರೂ ತೋರಿಸಿ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಅಲರ್ಜಿ ಇರುತ್ತೆ. ನಿಜವಾಗಿ ಔಷಧಿ ಬೇಕಾದ ಮಕ್ಕಳೂ ಇದ್ದಾರೆ. ಕೊಡ್ತಿರೋ ಔಷಧಿಯನ್ನ ಡಾಕ್ಟರ್ ಕೇಳದೆ ನಿಲ್ಲಿಸಬೇಡಿ.

ಇನ್ನೊಂದು ವಿಷಯ, ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಅವಳನ್ನ ಜೋರಾಗಿ ಅಲುಗಾಡಿಸಿಬಿಡ್ತೀನೇನೋ ಅನ್ನಿಸಿತ್ತು. ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿ, ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಂತೆ. ಒಳಗೆ ಅಳ್ತಾನೇ ಇದ್ದಳು. ಆಮೇಲೆ ಗೊತ್ತಾಯ್ತು, ಆ ಹೊತ್ತಲ್ಲಿ ಮಾಡಬೇಕಾದ್ದು ಅದನ್ನೇ ಅಂತ. ಅಲುಗಾಡಿಸಿದರೆ ಕೂಸಿನ ಮಿದುಳಿಗೇ ಪೆಟ್ಟು, ಹತ್ತು ನಿಮಿಷ ಅತ್ತರೆ ಏನೂ ಆಗಲ್ಲ. ಇಂಥ ಯೋಚನೆಗಳು ಬಿಡದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಆ ಹುಡುಗಿಗೆ ಬರೆದೆ: "ಮೊದಲು ತೂಕ ಚೆಕ್ ಮಾಡಿಸು. ಆಮೇಲೆ ನೀನು ಯಾವಾಗ ಮಲಗಿದ್ದು ಹೇಳು." ಸಂಜೆ ಉತ್ತರ ಬಂತು. "ತೂಕ ಚೆನ್ನಾಗಿದೆಯಂತೆ ಅಕ್ಕಾ. ಕಕ್ತಾನೇ ಇದ್ದಾನೆ. ಈಗ ಅವರಪ್ಪನ ಹೆಗಲ ಮೇಲಿದ್ದಾನೆ, ನಾನು ಮಲಗೋಕೆ ಹೋಗ್ತಿದೀನಿ."