ತೂಕ ತಪ್ಪಿದ್ದು ಯಾರದು?

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಒಂದೇ ಸುಳ್ಳನ್ನು ಪ್ರತಿದಿನವೂ ತಪ್ಪದೆ ಹೇಳುವವರೊಡನೆ ಹೇಗಾದರೂ ಬಾಳುವೆ ಮಾಡಬಹುದು. ಇಂದು ಒಂದು, ನಾಳೆ ಇನ್ನೊಂದು ಹೇಳುವವರೊಡನೆ ಮಾತ್ರ ಬಾಳುವುದು ಕಷ್ಟ. ಈ ಲೋಕಾನುಭವವನ್ನು ನನಗೆ ಕಲಿಸಿಕೊಟ್ಟವರು ಯಾವ ಮಹಾಪುರುಷರೂ ಅಲ್ಲ. ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ, ಗಾಜಿನ ಹಲಗೆಯ ತೂಕದ ಯಂತ್ರ.

ನಮ್ಮ ಬಾಲ್ಯದಲ್ಲಿ ತೂಕ ನೋಡಿಕೊಳ್ಳುವುದೆಂದರೆ ಒಂದು ಸಣ್ಣ ಹಬ್ಬವೇ ಆಗಿತ್ತು. ರೈಲು ನಿಲ್ದಾಣದಲ್ಲಿ ಬಣ್ಣಬಣ್ಣದ ದೀಪಗಳನ್ನು ಮಿನುಗಿಸುತ್ತ ಒಂದು ದೊಡ್ಡ ಯಂತ್ರ ನಿಂತಿರುತ್ತಿತ್ತು. ಅದರ ಮೇಲೆ ಹತ್ತಿ, ನಾಣ್ಯ ಹಾಕಿದರೆ ದಪ್ಪ ಕಾಗದದ ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಅದರಲ್ಲಿ ನಮ್ಮ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ತೂಕ ಸರಿಯೋ ತಪ್ಪೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಭವಿಷ್ಯ ಚೆನ್ನಾಗಿದ್ದರೆ ಕೊಟ್ಟ ಕಾಸು ಸಾರ್ಥಕವಾಯಿತೆಂದು ರೈಲು ಹತ್ತುತ್ತಿದ್ದೆವು.

ಆದರೆ ನಮ್ಮ ಮನೆಗೆ ಬಂದ ಯಂತ್ರ ಆಟಕ್ಕಾಗಿ ಬಂದುದಲ್ಲ. ನನ್ನ ತಾಯಿಗೆ 78 ವರ್ಷ. ಅವರ ಹೃದಯಕ್ಕೆ ರಕ್ತವನ್ನು ತಳ್ಳುವ ಶಕ್ತಿ ಕುಂದಿದೆಯೆಂದು ವೈದ್ಯರು ಎರಡು ವರ್ಷಗಳ ಹಿಂದೆ ಹೇಳಿದರು. ಇಂಥವರ ದೇಹದಲ್ಲಿ ಉಪ್ಪು, ನೀರು ಹೊರಗೆ ಹೋಗದೆ ನಿಂತುಬಿಡುವುದುಂಟು. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಆದುದರಿಂದ ಕಾಲು ಬಾತುಕೊಳ್ಳುವುದಕ್ಕೂ ಉಸಿರು ಕಟ್ಟುವುದಕ್ಕೂ ಮುಂಚೆಯೇ, ಒಳಗೆ ನಿಂತ ನೀರು ಅನೇಕ ವೇಳೆ ತೂಕದಲ್ಲಿ ತೋರುತ್ತದೆ. “ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಕಾಯಬೇಡಿ, ನನಗೆ ತಿಳಿಸಿ,” ಎಂದು ವೈದ್ಯರು ಅಪ್ಪಣೆ ಮಾಡಿದರು. ಅಂದೇ ಯಂತ್ರ ತಂದೆ. ಒಂದು ನೋಟುಪುಸ್ತಕವನ್ನೂ ತಂದೆ.

ಯಂತ್ರ ತನ್ನ ಗುಣವನ್ನು ತೋರಲು ಬಹಳ ದಿನ ಹಿಡಿಯಲಿಲ್ಲ. ಒಂದು ಸೋಮವಾರ 54.2 ಕಿಲೋ ಎಂದಿತು. ಮಂಗಳವಾರ 55.7. ಬುಧವಾರ 53.9. ಗುರುವಾರ 56.4! ನೋಟುಪುಸ್ತಕ ನೋಡಿದ ನನ್ನ ಎದೆ ಧಸಕ್ಕೆಂದಿತು. ಅಮ್ಮ ತಮಗೆ ಏನೂ ಆಗಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ, ತಿಂಡಿಯನ್ನೂ ಮುಗಿಸಗೊಡದೆ, ಆಟೋ ತರಿಸಿ ಕರೆದುಕೊಂಡು ಹೋದೆ. ವೈದ್ಯರು ಎದೆಗೆ ಕೊಳವೆಯಿಟ್ಟು ನೋಡಿದರು, ಕಣಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಬಾವು ಇರಲಿಲ್ಲ, ಉಸಿರಿನಲ್ಲಿ ದೋಷವಿರಲಿಲ್ಲ. ತಮ್ಮ ಯಂತ್ರದಲ್ಲಿ ತೂಗಿದರು: 54.8. “ತಾಯಿಯವರು ಚೆನ್ನಾಗಿದ್ದಾರೆ. ಮನೆಯ ಯಂತ್ರವನ್ನು ಸ್ವಲ್ಪ ಪರೀಕ್ಷೆ ಮಾಡಿ,” ಎಂದು ನಕ್ಕರು.

ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ. ಮನೆ ಸೇರಿದ ಮೇಲೆ, “ಇವತ್ತು ಅದು ಸುಳ್ಳು ಹೇಳಿತು, ನೀನು ನಂಬಿದೆ. ನಾಳೆ ಅದು ನಿಜ ಹೇಳಿದರೆ ನಂಬುತ್ತೀಯೇನೋ?” ಎಂದರು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ನನಗೆ ಹೇಳಿಕೊಟ್ಟವರೇ ಅವರು. ಆ ಮಾತು ನನ್ನ ನಿದ್ದೆ ಕೆಡಿಸಿತು.

ಭಾನುವಾರ ವಿಚಾರಣೆ ಆರಂಭವಾಯಿತು. ಅಂಗಡಿಯ ತಕ್ಕಡಿಯಾದರೆ ಸರ್ಕಾರದ ಮುದ್ರೆ ಬೀಳುತ್ತದೆ. ಮನೆಯ ಯಂತ್ರವನ್ನು ಪರೀಕ್ಷಿಸಲು ಯಾರು ಬರುತ್ತಾರೆ? ಹೊಲಿಗೆ ಬಿಚ್ಚದ 25 ಕಿಲೋ ಅಕ್ಕಿಯ ಚೀಲವೊಂದು ಮನೆಯಲ್ಲಿತ್ತು. ಅದನ್ನು ಬಚ್ಚಲುಮನೆಗೆ ಹೊತ್ತು ತಂದೆ. “ಅಕ್ಕಿಗೂ ಹೃದಯದ ಕಾಯಿಲೆ ಬಂದಿತೇನ್ರೀ?” ಎಂದು ಮನೆಯಾಕೆ ಕೇಳಿದಳು. ಮೂರು ಬಾರಿ ತೂಗಿದೆ: 24.6, 25.8, 25.1. ಅಕ್ಕಿಗೆ ಬಾವೂ ಇಲ್ಲ, ಬೆವರೂ ಇಲ್ಲ. ಯಂತ್ರದ ಅಪರಾಧ ಸಿದ್ಧವಾದಂತೆಯೇ ಆಯಿತು.

ಆದರೂ ಶಿಕ್ಷೆ ವಿಧಿಸುವ ಮೊದಲು ಅದನ್ನು ಬೋರಲು ಹಾಕಿ ನೋಡಿದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ಕಾಲುಗಳು. ಒಂದೊಂದು ಕಾಲಿನ ಒಳಗೂ ಒಂದು ಲೋಹದ ಪಟ್ಟಿ. ಅದಕ್ಕೆ ಅಂಟಿಸಿದ ಅತಿ ತೆಳುವಾದ ಲೋಹದ ಎಳೆ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಹಿಗ್ಗುತ್ತದೆ, ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಇಂಥ ಎಳೆಯನ್ನು 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು ಒಬ್ಬರಿಗೊಬ್ಬರು ತಿಳಿಯದೆಯೇ ರೂಪಿಸಿದರು. ನಾಲ್ಕು ಕಾಲುಗಳ ಸಾಕ್ಷ್ಯವನ್ನೂ ಕೂಡಿಸಿ ಯಂತ್ರ ತನ್ನ ತೀರ್ಪನ್ನು ಹೇಳುತ್ತದೆ. ಒಂದು ಕಾಲು ನೆಲವನ್ನು ಸರಿಯಾಗಿ ಮುಟ್ಟದಿದ್ದರೆ ತೀರ್ಪು ಕೆಡುವುದರಲ್ಲಿ ಆಶ್ಚರ್ಯವೇನು?

ನಮ್ಮ ಬಚ್ಚಲುಮನೆಯ ನೆಲವೋ, ನೀರು ತೂಬಿನ ಕಡೆಗೆ ಹರಿಯಲೆಂದು ಗಾರೆಯವನು ವಾಟ ಕೊಟ್ಟು ಮಾಡಿದ ನೆಲ. ಜೊತೆಗೆ ಹಾಸುಗಲ್ಲುಗಳ ಸಂದುಗಳು ಬೇರೆ. ಹಲಗೆಯ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದೆ. ಮೂರು ಕಾಲಿನ ಮಣೆಯಂತೆ ತೊನೆದಾಡಿತು. ಇನ್ನೊಂದು ತಪ್ಪು ನನ್ನದು. ದಿನವೂ ಅದನ್ನು ಗೋಡೆಯ ಬಳಿಯಿಂದ ಎತ್ತಿ ಮಲಗಿಸಿ, ಕೂಡಲೇ ಅಮ್ಮನನ್ನು ಹತ್ತಿಸುತ್ತಿದ್ದೆ. ಸ್ಥಳ ಬದಲಾದ ಯಂತ್ರವನ್ನು ಒಮ್ಮೆ ಕಾಲಿನಿಂದ ಮುಟ್ಟಿ ಎಚ್ಚರಿಸಿ, ಸೊನ್ನೆ ತೋರಿ ದೀಪ ಆರುವವರೆಗೆ ಕಾದು, ಅನಂತರ ಹತ್ತಬೇಕು. ಈ ಮಾತು ಅದರೊಡನೆ ಬಂದ ಕಾಗದದಲ್ಲಿಯೇ ಇತ್ತು, ಓದಿದವರಾರು?

ಯಂತ್ರವನ್ನು ನಡುಮನೆಯ ಕೆಂಪು ಗಾರೆಯ ನೆಲಕ್ಕೆ ತಂದೆ. ಹೊಸ ಬ್ಯಾಟರಿ ಹಾಕಿದೆ. ಸೊನ್ನೆ ಬರುವ ತನಕ ಕಾದೆ. ಅಕ್ಕಿಯ ಚೀಲ 25.3, 25.3, 25.3 ಎಂದಿತು. ಇಲ್ಲಿಯೂ ಮೋಸಹೋಗಬಾರದು. ಕೆಲವು ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಹತ್ತಿರವಾಗಿದ್ದರೆ ಹಳೆಯದನ್ನೇ ಮತ್ತೆ ತೋರಿಸಿ ಪ್ರಾಮಾಣಿಕರಂತೆ ನಟಿಸುತ್ತವೆ. ಆದುದರಿಂದ ಪ್ರತಿ ಸಲವೂ ನಡುವೆ ನಾನೊಮ್ಮೆ ಹತ್ತಿ ಇಳಿದು, ಮತ್ತೆ ಚೀಲವನ್ನಿಟ್ಟೆ. 25.3, 25.4, 25.3. ಯಂತ್ರ ಸುಮಾರು ಮುನ್ನೂರು ಗ್ರಾಂ ಹೆಚ್ಚು ಹೇಳುತ್ತಿತ್ತು, ನಿಜ. ಆದರೆ ದಿನವೂ ಅದೇ ಮುನ್ನೂರು ಗ್ರಾಂ.

ಸರಿಯಾಗಿ ಹೇಳುವುದು ಬೇರೆ, ಒಂದೇ ಸಮನಾಗಿ ಹೇಳುವುದು ಬೇರೆ ಎಂಬುದು ನನಗೆ ಆಗ ಹೊಳೆಯಿತು. ಅಮ್ಮನ ತೂಕ ಎಷ್ಟೆಂದು ವೈದ್ಯರು ಕೇಳಿರಲಿಲ್ಲ. ನಿನ್ನೆ ಮೊನ್ನೆಗಿಂತ ಎಷ್ಟು ಹೆಚ್ಚಿದೆ ಎಂದು ಕೇಳಿದ್ದರು. ಅದಕ್ಕೆ ಈ ಮುನ್ನೂರು ಗ್ರಾಂನಿಂದ ಯಾವ ಬಾಧಕವೂ ಇಲ್ಲ. ಇಡೀ ಜಗತ್ತಿಗೆ ಕಿಲೋಗ್ರಾಂ ಎಂದರೆ ಇಷ್ಟು ಎಂದು ತೋರಿಸುತ್ತಿದ್ದ ತೂಕದ ಬಟ್ಟು ಕೂಡ ಈ ಪರೀಕ್ಷೆಯಲ್ಲಿ ಪೂರ್ತಿ ಗೆಲ್ಲಲಿಲ್ಲ. ಪ್ಯಾರಿಸ್ಸಿನ ಬಳಿಯ ಸೆವ್ರ್‌ನಲ್ಲಿ ಗಾಜಿನ ಮುಚ್ಚಳಗಳ ಕೆಳಗೆ ಇಟ್ಟಿದ್ದ ಆ ಪ್ಲಾಟಿನಂ–ಇರಿಡಿಯಂ ಬಟ್ಟು 1889ರಿಂದ ಪ್ರಮಾಣವಾಗಿತ್ತು. ಸುಮಾರು ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು, ಅಂತರ ಬಂದಿತ್ತು. ಬಟ್ಟು ಸವೆಯಿತೋ ಪ್ರತಿಗಳು ಬೆಳೆದವೋ ಹೇಳುವುದು ಹೇಗೆ? ಕೊನೆಗೆ 2019ರ ಮೇ 20ರಿಂದ ಲೋಹದ ಬಟ್ಟನ್ನು ಬಿಟ್ಟು, ಪ್ರಕೃತಿಯಲ್ಲಿ ಎಂದೂ ಬದಲಾಗದ ಪ್ಲಾಂಕ್ ಸ್ಥಿರಾಂಕವನ್ನೇ ಕಿಲೋಗ್ರಾಮಿಗೆ ಆಧಾರ ಮಾಡಿಕೊಂಡರು. ದೊಡ್ಡವರ ಮನೆಯ ಪಾಡೇ ಹೀಗಿರುವಾಗ ನಮ್ಮ ಬಡ ಯಂತ್ರವನ್ನು ಹಳಿಯುವುದೇಕೆ?

ಮನುಷ್ಯನ ದೇಹವೂ ಅಕ್ಕಿಯ ಚೀಲದಂತೆ ಸುಮ್ಮನಿರುವುದಿಲ್ಲ. ಇಟಲಿಯ ಪಾದುವಾದಲ್ಲಿ ಸಾಂತೋರಿಯೊ ಎಂಬ ವೈದ್ಯನಿದ್ದ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತನ್ನನ್ನೂ ತಾನು ತಿಂದುದನ್ನೂ ವಿಸರ್ಜಿಸಿದುದನ್ನೂ ಸುಮಾರು ಮೂವತ್ತು ವರ್ಷ ತೂಗಿದ. ತಿಂದುದರಲ್ಲಿ ಬಹುಪಾಲು, ಉಸಿರಿನಿಂದಲೂ ಚರ್ಮದಿಂದಲೂ ಕಾಣದಂತೆ ಆವಿಯಾಗಿ ಹೋಗುತ್ತದೆಂದು 1614ರ ತನ್ನ ಗ್ರಂಥದಲ್ಲಿ ಸಾರಿದ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ನಾವು ಕೆಲವು ನೂರು ಗ್ರಾಂ ಹಗುರವಾಗಿರುತ್ತೇವೆ; ಎರಡು ಲೋಟ ನೀರು ಕುಡಿದರೆ ಮತ್ತೆ ಭಾರವಾಗುತ್ತೇವೆ. ಆದುದರಿಂದಲೇ ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ, ದಿನವೂ ಅಷ್ಟೇ ಬಟ್ಟೆಯಲ್ಲಿ ತೂಗಬೇಕೆನ್ನುವುದು.

ಇಷ್ಟೆಲ್ಲ ಏರ್ಪಾಡು ಮಾಡಿ, ಯಂತ್ರವನ್ನು ನಿರ್ದೋಷಿಯೆಂದು ಬಿಟ್ಟೆ. ಒಂದು ವಾರ ನನ್ನ ತೂಕ 68.0ರಿಂದ 68.3ರ ಒಳಗೇ ನಿಂತಿತು. ಅಮ್ಮನದು ಮಾತ್ರ 54.0, 52.9, 53.8, 52.6! ನನಗೆ ತಲೆ ತಿರುಗಿತು.

ಐದನೆಯ ದಿನ ಬೆಳಿಗ್ಗೆ ಎಂದಿನಂತೆ ಬಗ್ಗಿ ಅಂಕಿಯನ್ನು ನೋಡುತ್ತಿದ್ದೆ. ಅಂಕಿ ನಿಲ್ಲದೆ ಓಡಾಡುತ್ತಿತ್ತು. ಬೇಸತ್ತು ತಲೆ ಎತ್ತಿದೆ. ಅಮ್ಮನ ಎಡಗೈ ಪಕ್ಕದ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವರ ಭಾರದಲ್ಲಿ ಒಂದಿಷ್ಟನ್ನು ಯಂತ್ರ ಹೊತ್ತಿತ್ತು, ಮಿಕ್ಕುದನ್ನು ಮೇಜು ಹೊತ್ತಿತ್ತು.

“ಅಮ್ಮ, ಮೇಜು ಹಿಡಿದುಕೊಂಡರೆ ತೂಕ ತಪ್ಪುತ್ತದಲ್ಲ!”

“ಗಾಜಿನ ಮೇಲೆ ನಿಲ್ಲಲು ಭಯ ಕಣೋ,” ಎಂದರು ಮೆಲ್ಲಗೆ. “ಬಚ್ಚಲಿನಲ್ಲಿ ನಲ್ಲಿ ಹಿಡಿದುಕೊಳ್ಳುತ್ತಿದ್ದೆ.”

“ಇಷ್ಟು ದಿನ ಹೇಳಬಾರದಿತ್ತೆ?”

“ನೀನು ಅಂಕಿಯನ್ನೇ ನೋಡುತ್ತಿದ್ದೆ. ಏನು ಹೇಳಲಿ?”

ಓದುಗರೆ, ನನಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷದ ಹಿಂದೆ ಅದೇ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಅವರು ಎರಡು ತಿಂಗಳು ಮಲಗಿದ್ದುದು ನನಗೆ ಗೊತ್ತಿರದ ಸಂಗತಿಯೇನೂ ಅಲ್ಲ. ನೆಲವನ್ನು ಪರೀಕ್ಷಿಸಿದ್ದೆ, ಬ್ಯಾಟರಿಯನ್ನು ಪರೀಕ್ಷಿಸಿದ್ದೆ, ಅಕ್ಕಿಯನ್ನು ಪರೀಕ್ಷಿಸಿದ್ದೆ. ತೂಗಬೇಕಾದವರ ಮುಖವನ್ನು ಮಾತ್ರ ನೋಡಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಯಂತ್ರದ ಮುಂದೆ ಭಾರವಾದ ಒಂದು ಕುರ್ಚಿ. ಅಮ್ಮ ಅದರ ಬೆನ್ನನ್ನು ಹಿಡಿದು ಹತ್ತುತ್ತಾರೆ. ನಾನು ಹಿಂದೆ, ಮೈ ಮುಟ್ಟದಂತೆ, ಎರಡು ಕೈಗಳನ್ನೂ ಚಾಚಿ ನಿಲ್ಲುತ್ತೇನೆ. ನಿಲುವು ಕುದುರಿದ ಮೇಲೆ ಅವರು ಕುರ್ಚಿಯನ್ನು ಬಿಡುತ್ತಾರೆ. ಮನೆಯಾಕೆ ಅಂಕಿ ಓದುತ್ತಾಳೆ. ಅವರು ಮತ್ತೆ ಕುರ್ಚಿ ಹಿಡಿದು ಇಳಿಯುತ್ತಾರೆ. ಈ ಪುಟ್ಟ ಸಮಾರಂಭ ಆರಂಭವಾದ ಮೇಲೆ ದಿನದಿಂದ ದಿನಕ್ಕೆ ಇನ್ನೂರು ಮುನ್ನೂರು ಗ್ರಾಂಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ.

ನಾಲ್ಕು ತಿಂಗಳು ಕಳೆದವು. ಬಂಧುಗಳ ಮನೆಯ ಮದುವೆಯೊಂದನ್ನು ಮುಗಿಸಿಕೊಂಡು ಬಂದೆವು. ಆ ವಾರದ ಅಂಕಿಗಳು ಹೀಗಿದ್ದವು: 53.6, 53.8, 54.7, 55.9. “ಯಂತ್ರ ಮತ್ತೆ ಕೆಟ್ಟಿತೋ ಏನೋ,” ಎಂದಳು ಮನೆಯಾಕೆ. ನಾನು ಹತ್ತಿ ನೋಡಿದೆ: 68.1. ಯಂತ್ರ ಕೆಟ್ಟಿರಲಿಲ್ಲ. ಅಮ್ಮನ ಸೀರೆಯ ಅಂಚನ್ನು ಸರಿಸಿ ಕಣಕಾಲು ಒತ್ತಿದೆ. ಬೆರಳಿನ ಗುಳಿ ಹಾಗೆಯೇ ಉಳಿಯಿತು. ಕೂಡಲೇ ವೈದ್ಯರ ಬಳಿಗೆ ಹೋದೆವು. ಅವರು ನೀರು ಇಳಿಸುವ ಗುಳಿಗೆಯನ್ನು ಕೆಲವು ದಿನಗಳಿಗೆ ಹೆಚ್ಚಿಸಿದರು, ಉಪ್ಪನ್ನು ಇನ್ನಷ್ಟು ಬಿಗಿ ಮಾಡಿದರು. ಆಸ್ಪತ್ರೆಯಲ್ಲಿ ಮಲಗುವ ಪ್ರಸಂಗ ಬರಲಿಲ್ಲ. ವಾರದೊಳಗೆ ತೂಕ 53.7ಕ್ಕೆ ಇಳಿಯಿತು. “ಇನ್ನೆರಡು ದಿನ ಬಿಟ್ಟಿದ್ದರೆ ನಡುರಾತ್ರಿ ಉಸಿರಿಗಾಗಿ ಒದ್ದಾಡುತ್ತ ಬರಬೇಕಾಗುತ್ತಿತ್ತು,” ಎಂದು ವೈದ್ಯರು ಹೇಳಿದಾಗ ಅಮ್ಮ ನನ್ನ ಕಡೆ ನೋಡಿದರು.

ನಿಮ್ಮ ಮನೆಯಲ್ಲಿಯೂ ಇಂಥ ಯಂತ್ರವಿದ್ದು, ಅದು ದಿನಕ್ಕೊಂದು ಮಾತಾಡುತ್ತಿದ್ದರೆ ಹೊರಗೆ ಎಸೆಯಲು ಅವಸರಪಡಬೇಡಿರಿ. ಗಟ್ಟಿಯಾದ ಸಮನೆಲವನ್ನು ಆರಿಸಿ, ಅಲ್ಲಿಂದ ಅದನ್ನು ಕದಲಿಸಬೇಡಿರಿ. ಜಮಖಾನೆಯ ಮೇಲೆ ಇಡಬೇಡಿರಿ. ಸೊನ್ನೆಗೆ ಕಾಯಿರಿ. ತೂಕ ಗೊತ್ತಿರುವ ಒಂದು ವಸ್ತುವನ್ನು ಆಗಾಗ ಇಟ್ಟು ನೋಡಿರಿ. ಅಷ್ಟಾದರೂ ಅದು ಸ್ಥಿರವಾಗದಿದ್ದರೆ ಆಗ ಬೇರೆ ತನ್ನಿರಿ. ಕಾಯಿಲೆಯವರಿಗಾಗಿ ತೂಗುವುದಾದರೆ, ಎಷ್ಟು ಏರಿದಾಗ ತಿಳಿಸಬೇಕೆಂಬುದಕ್ಕೆ ಅವರವರ ವೈದ್ಯರ ಮಾತೇ ಪ್ರಮಾಣ. ಎಲ್ಲಕ್ಕಿಂತ ಮೊದಲು, ಅದರ ಮೇಲೆ ನಿಂತವರು ನೆಮ್ಮದಿಯಾಗಿ ನಿಂತಿದ್ದಾರೆಯೇ ಎಂದು ತಲೆ ಎತ್ತಿ ನೋಡಿರಿ.

ನೋಟುಪುಸ್ತಕವನ್ನು ಈಗ ಅಮ್ಮನೇ ಬರೆಯುತ್ತಾರೆ. ಮೊನ್ನೆ ಹಾಳೆ ತಿರುವಿ ನೋಡಿದೆ. ಅಂಕಿಗಳ ಪಕ್ಕದಲ್ಲಿ ಅವರ ಗುಂಡಾದ ಅಕ್ಷರಗಳಲ್ಲಿ ಅಲ್ಲಲ್ಲಿ ಒಂದೊಂದು ಸಾಲು ಇತ್ತು. “54.1. ನಿನ್ನೆ ಯಾರಿಗೂ ಹೇಳದೆ ಮಾವಿನ ಮಿಡಿ ಉಪ್ಪಿನಕಾಯಿ ತಿಂದೆ.” ಯಂತ್ರ ನಿಜ ಹೇಳಲು ಕಲಿತ ಮೇಲೆ ಮನೆಯವರೂ ಕಲಿಯುತ್ತಿದ್ದೇವೆ.